ಗೆರೆಯ ಒಳಗೆ ಬಿದ್ದ ಚೆಂಡು

ಲಂಡನ್ನಿನ ಅಂಚಿನ ಪಿನ್ನರ್‌ನಲ್ಲಿ ನಮ್ಮ ಪಕ್ಕದ ಮನೆಯ ಫ್ರೆಂಚ್ ಮುದುಕಿ ಒಂದು ಕಾಲದಲ್ಲಿ ಫ್ರಾನ್ಸ್ ದೇಶದ ಟೆನಿಸ್ ಚಾಂಪಿಯನ್ ಆಗಿದ್ದರು ಎಂಬುದು ನನಗೆ ತಿಳಿದದ್ದು ನಾವು ಅಲ್ಲಿಗೆ ಹೋಗಿ ಹತ್ತಾರು ವರ್ಷಗಳಾದ ಮೇಲೆ. ಅಷ್ಟೂ ವರ್ಷ ನಮ್ಮಿಬ್ಬರ ನಡುವೆ ನಡೆದದ್ದು ಕಸದ ಡಬ್ಬಿಯ ಮಾತು. ಈ ವಾರ ಕೌನ್ಸಿಲ್‌ನವರು ಯಾವ ಬಣ್ಣದ ಡಬ್ಬಿ ಒಯ್ಯುತ್ತಾರೆ ಎಂದು ಅವರು ಬೇಲಿಯ ಆಚೆಯಿಂದ ಕೇಳುತ್ತಿದ್ದರು, ನಾನು ಈಚೆಯಿಂದ ಹೇಳುತ್ತಿದ್ದೆ. ಇಂಗ್ಲೆಂಡಿನಲ್ಲಿ ಇದಕ್ಕೆ ಒಳ್ಳೆಯ ನೆರೆಹೊರೆ ಎನ್ನುತ್ತಾರೆ.

ಒಂದು ಗುರುವಾರ ಅವರು ಮನೆಯ ಮುಂದಿನ ಮೆಟ್ಟಿಲಲ್ಲಿ ಜಾರಿಬಿದ್ದರು. ಒಳಗೆ ಕರೆದುಕೊಂಡು ಹೋಗಿ ಕೂರಿಸಿದವಳು ನಾನು. ಚಹಾ ಮಾಡಿಕೊಟ್ಟು ಬಿಸ್ಕೆಟ್ ಇಡಲು ತಟ್ಟೆ ಹುಡುಕಿದಾಗ ಕಪಾಟಿನಲ್ಲಿ ಒಂದು ಬೆಳ್ಳಿಯ ತಟ್ಟೆ ಸಿಕ್ಕಿತು. ಅದರ ಮೇಲೆ ಏನೋ ಕೆತ್ತಿದ್ದರು, ಆದರೆ ವರ್ಷಗಟ್ಟಲೆ ತಿಕ್ಕಿ ತಿಕ್ಕಿ ಅಕ್ಷರಗಳು ಸವೆದು ಹೋಗಿದ್ದವು. ನಮ್ಮಲ್ಲಿ ಮದುವೆಯಲ್ಲಿ ಕೊಟ್ಟ ಪಾತ್ರೆಗಳ ಮೇಲಿನ ಹೆಸರು ಹೀಗೇ ಅಳಿಸಿ ಹೋಗುತ್ತದೆ. ನಾನು ಅದರಲ್ಲೇ ಬಿಸ್ಕೆಟ್ ಇಟ್ಟು ತಂದೆ. ಅವರು ನೋಡಿ ನಕ್ಕರು. "ಅದು ಚಾಂಪಿಯನ್‌ಶಿಪ್ಪಿನ ತಟ್ಟೆ. ಪರವಾಗಿಲ್ಲ, ತಟ್ಟೆ ಇರುವುದು ತಿನ್ನುವುದಕ್ಕೇ," ಎಂದರು.

ನಾನು ಅವರನ್ನು ಮೇಡಂ ಎಂದು ಕರೆಯುತ್ತಿದ್ದೆ. ಮಾತು ಇಂಗ್ಲಿಷಿನಲ್ಲಿ. ಅವರದು ಫ್ರೆಂಚ್ ನಾಲಿಗೆಯ ಇಂಗ್ಲಿಷು, ನನ್ನದು ಧಾರವಾಡದ್ದು. ಆ ದಿನದಿಂದ ಗುರುವಾರ ಮಧ್ಯಾಹ್ನ ಅಲ್ಲಿಗೆ ಹೋಗುವುದು ರೂಢಿಯಾಯಿತು. ಅಕ್ಸ್‌ಬ್ರಿಡ್ಜ್‌ನ ಆಫೀಸಿನ ಕೆಲಸ ಬಿಟ್ಟಿದ್ದೆ, ಮಗಳು ಇಲ್ಫರ್ಡ್‌ನಲ್ಲಿ ಬೇರೆ ಫ್ಲ್ಯಾಟ್ ಮಾಡಿಕೊಂಡಿದ್ದಳು, ಗಂಡ ಬೆಳಗಾದರೆ ಆಸ್ಪತ್ರೆಯ ಕೆಲಸಕ್ಕೆ ಹೋಗುತ್ತಿದ್ದರು. ಒಯ್ಯುತ್ತಿದ್ದದ್ದು ಶೇಂಗಾ ಚಟ್ನಿಪುಡಿ. ಬೆಣ್ಣೆ ಸವರಿದ ಟೋಸ್ಟಿನ ಮೇಲೆ ಅದನ್ನು ಉದುರಿಸಿಕೊಂಡು ಮೇಡಂ ತಿನ್ನುವುದನ್ನು ನೋಡಿದ್ದರೆ ನನ್ನ ಅಜ್ಜಿ ಎರಡನೆಯ ಸಲ ಸಾಯುತ್ತಿದ್ದಳು.

ಅವರ ಅಪ್ಪ ಫ್ರಾನ್ಸಿನ ಉತ್ತರದಲ್ಲಿ ಒಂದು ಸಣ್ಣ ರೈಲು ನಿಲ್ದಾಣದಲ್ಲಿ ಬಾವುಟ ತೋರಿಸುವ ಕೆಲಸದವರು. ಯಾರೋ ಪ್ರಯಾಣಿಕರು ರೈಲುಡಬ್ಬಿಯಲ್ಲಿ ಮರೆತು ಹೋದ ರಾಕೆಟ್ಟನ್ನು, ಕೇಳಿಕೊಂಡು ಯಾರೂ ಬಾರದೆ ಇದ್ದಾಗ, ಮಗಳಿಗೆ ಕೊಟ್ಟರು. ಸರಕು ತುಂಬುವ ಗೋದಾಮಿನ ಗೋಡೆಗೆ ಚೆಂಡು ಬಡಿದು ಬಡಿದು ಹುಡುಗಿ ಆಟ ಕಲಿತಳು. ಯುದ್ಧ ಬಂತು, ಗೋದಾಮಿಗೆ ಸೈನಿಕರು ಬಂದರು, ಊರಿನ ಟೆನಿಸ್ ಕ್ಲಬ್ಬಿನಲ್ಲಿ ಆಲೂಗಡ್ಡೆ ಬೆಳೆದರು. ಯುದ್ಧ ಮುಗಿದ ಮೇಲೆ ಒಬ್ಬ ಗಿರಣಿ ಮಾಲೀಕರ ಮಗಳಿಗೆ ಆಡಲು ಜೊತೆ ಬೇಕಾಯಿತು. ಹಾಗೆ ಬಾವುಟದವರ ಮಗಳಿಗೆ ಕ್ಲಬ್ಬಿನ ಬಾಗಿಲು ತೆರೆಯಿತು. ಮಾಲೀಕರ ಮಗಳನ್ನು ಎಷ್ಟು ಸೋಲಿಸಬೇಕು, ಎಷ್ಟು ಸೋಲಿಸಬಾರದು ಎಂಬುದೇ ತಾನು ಕಲಿತ ಮೊದಲ ಪಾಠ ಎನ್ನುತ್ತಿದ್ದರು.

ಬೆಳಗ್ಗೆ ಕೈಗವಸಿನ ಅಂಗಡಿಯಲ್ಲಿ ಕೆಲಸ, ಸಂಜೆ ಆಟ. ಇಪ್ಪತ್ತು ದಾಟಿದ ಕೂಡಲೇ ದೇಶದ ಚಾಂಪಿಯನ್. ಆಗ ಗೆದ್ದವರಿಗೆ ಹಣವಿರಲಿಲ್ಲ, ಆಟದಿಂದ ಹಣ ಮಾಡುವುದೇ ನಿಷಿದ್ಧ. ತಟ್ಟೆ, ಹೂಗುಚ್ಛ, ಕೈಕುಲುಕು, ಅಷ್ಟೇ. ಮುಂದಿನ ವರ್ಷ ಲಂಡನ್ನಿನ ಹುಲ್ಲಿನ ಮೇಲೆ ಆಡಲು ಬಂದರು. ಹುಲ್ಲಿನಲ್ಲಿ ಚೆಂಡು ಏಳುವುದೇ ಇಲ್ಲ, ಬೇಗ ಸೋತರು. ಅದೇ ಊರಿನಲ್ಲಿ ಕ್ರೀಡಾ ಸಾಮಾನು ಮಾರುವ ಇಂಗ್ಲಿಷರೊಬ್ಬರ ಪರಿಚಯವಾಯಿತು, ಮದುವೆಯಾಯಿತು. ಅಂಗಡಿಯಲ್ಲಿ ರಾಕೆಟ್ ಹಿಡಿದು ನಿಂತು ಗಿರಾಕಿಗಳಿಗೆ ತೋರಿಸಿದ್ದಕ್ಕೆ, ಆಟದಿಂದ ಸಂಪಾದನೆ ಮಾಡಿದಂತಾಯಿತು ಎಂದು ಸ್ಪರ್ಧೆಗಳಿಂದ ಹೊರಗೆ ಹಾಕಿದರು. ಅಲ್ಲಿಗೆ ಮುಗಿಯಿತು. ಉಳಿದ ಆಯುಷ್ಯವೆಲ್ಲ ಪಿನ್ನರ್. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು.

ಆದರೆ ಇದನ್ನೆಲ್ಲ ಅವರು ಒಂದೋ ಎರಡೋ ಸಲ, ಕೇಳಿದರೆ ಮಾತ್ರ ಹೇಳಿದ್ದು. ಪ್ರತಿ ಗುರುವಾರ ಹೇಳುತ್ತಿದ್ದದ್ದು ಆ ಫೈನಲ್ ಪಂದ್ಯ ಒಂದನ್ನೇ.

ನಮ್ಮ ಕಡೆ ಕತೆ ಹೇಳುವವರ ಮುಂದೆ ಹೂಂಗುಟ್ಟುವವರು ಇರಬೇಕು. ಒಂದು ಮಾತು ಮುಗಿದರೆ ಒಂದು ಹೂಂ. ಹೂಂ ನಿಂತರೆ ನನ್ನ ಅಜ್ಜಿ ರಾಜಕುಮಾರನನ್ನು ನಡುದಾರಿಯಲ್ಲೇ ನಿಲ್ಲಿಸಿಬಿಡುತ್ತಿದ್ದಳು. "ಹೂಂ ಅನ್ನವಾ, ಇಲ್ಲಾಂದ್ರ ಕತಿ ಮುಂದಕ್ಕ ಹೋಗೂದಿಲ್ಲ," ಎನ್ನುತ್ತಿದ್ದಳು. ಮೇಡಂ ಎದುರಿಗೂ ನನಗೆ ಗೊತ್ತಿಲ್ಲದಂತೆ ಅದೇ ಅಭ್ಯಾಸ ನಡೆದಿತ್ತು. ಮೊದಮೊದಲು ಅವರಿಗೆ ಸಿಟ್ಟು ಬಂತು. ಇದೇನು, ಹಲ್ಲು ನೋಯುತ್ತಿದೆಯೇ ಎಂದು ಕೇಳಿದರು. ನಮ್ಮ ಪದ್ಧತಿ ಹೇಳಿದೆ. ಕೇಳುವವಳು ನಿದ್ದೆ ಹೋಗಿಲ್ಲ, ನೀವು ಹೇಳಿದ್ದು ನನ್ನ ಕೈಗೆ ಬಂತು, ಮುಂದಿನದನ್ನು ಕೊಡಿ ಎಂದು ಅದರ ಅರ್ಥ ಎಂದೆ. ಅವರಿಗೆ ಬಹಳ ಹಿಡಿಸಿತು. ಆಮೇಲಾಮೇಲೆ ನಾನು ಚಹಾ ಕುಡಿಯಲು ಹೂಂ ತಪ್ಪಿಸಿದರೆ ಅವರು ಮಾತು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡುತ್ತ ಕಾಯುತ್ತಿದ್ದರು.

ಪಂದ್ಯ ಹೀಗೆ. ಎದುರಾಳಿ ದಕ್ಷಿಣ ಫ್ರಾನ್ಸಿನ ಎತ್ತರದ ಹುಡುಗಿ, ಅವಳ ಅಪ್ಪನ ಮನೆಯ ಅಂಗಳದಲ್ಲೇ ಟೆನಿಸ್ ಅಂಕಣ. ನೆಲ ಕೆಂಪು ಮಣ್ಣಿನದು. ಮೊದಲ ಸೆಟ್ ಮೇಡಂ ಸೋತರು, ಎರಡನೆಯದು ಗೆದ್ದರು. ಮೂರನೆಯದರಲ್ಲಿ ಹನಿ ಮಳೆ ಶುರುವಾಯಿತು, ಬೂಟು ಒದ್ದೆಯಾದವು. ಇನ್ನೊಂದು ಪಾಯಿಂಟ್ ಬಂದರೆ ಗೆಲುವು ಎನ್ನುವಾಗ ಎದುರಾಳಿ ಬಲೆಯ ಹತ್ತಿರ ಓಡಿ ಬಂದಳು. ಮೇಡಂ ಚೆಂಡನ್ನು ಅವಳ ತಲೆಯ ಮೇಲಿಂದ ಆಕಾಶಕ್ಕೆ ಎತ್ತಿದರು. ಚೆಂಡು ಹಿಂದಿನ ಗೆರೆಯ ಹತ್ತಿರ ಬಿತ್ತು. ಒಳಗೋ ಹೊರಗೋ ಯಾರಿಗೂ ತಿಳಿಯಲಿಲ್ಲ. ಅಂಪೈರ್ ಎತ್ತರದ ಕುರ್ಚಿಯಿಂದ ಇಳಿದು, ನಡೆದು ಹೋಗಿ, ಮಣ್ಣಿನಲ್ಲಿ ಚೆಂಡು ಬಿದ್ದ ಗುರುತನ್ನು ಬಗ್ಗಿ ನೋಡಿದರು. ಅವರು ತಲೆ ಎತ್ತಿ, ಒಳಗೆ, ಎಂದರು.

"ಆಗ ನಿಮಗೆ ಹೇಗನಿಸಿತು ಮೇಡಂ?"

"ಹಸಿವಾಯಿತು. ಬೆಳಗಿನಿಂದ ಒಂದು ಮೊಟ್ಟೆ ತಿಂದಿದ್ದೆ."

ಅಪ್ಪ ಆಟ ನೋಡಲು ಬಂದಿರಲಿಲ್ಲ, ಕೆಲಸ ಬಿಟ್ಟು ಬರುವ ಹಾಗಿರಲಿಲ್ಲ. ರಾತ್ರಿಯ ರೈಲಿನಲ್ಲಿ ಊರಿಗೆ ಹೋದರೆ ಬೆಳಗಾಗಿತ್ತು. ಅಪ್ಪ ಪ್ಲಾಟ್‌ಫಾರಂ ಮೇಲೆ ಬಾವುಟ ಹಿಡಿದು ನಿಂತಿದ್ದರು, ಮಗಳನ್ನು ಅಪ್ಪಿಕೊಳ್ಳಲಿಲ್ಲ, ಮಾತೂ ಆಡಲಿಲ್ಲ. ಆದರೆ ಡ್ರೈವರಿಗೆ ಮೊದಲೇ ಹೇಳಿಟ್ಟಿದ್ದರು. ಆತ ಇಂಜಿನ್ನಿನ ಸಿಳ್ಳೆಯನ್ನು ಊರೆಲ್ಲ ಎದ್ದು ಕೂರುವ ಹಾಗೆ ಊದಿದ, ಊದುತ್ತಲೇ ಹೋದ. ಇದನ್ನು ಹೇಳುವಾಗ ಮೇಡಂ ತಾವೂ ಬಾಯಿ ದುಂಡಗೆ ಮಾಡಿ ಮೆಲ್ಲಗೆ ಊದುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ಕತೆ ಮುಗಿಯುತ್ತಿತ್ತು.

ನನಗೆ ಆ ಕತೆ ಯಾಕೆ ಅಷ್ಟು ಬೇಕಾಯಿತು ಎಂದರೆ ಅದನ್ನೂ ಹೇಳಿಬಿಡುತ್ತೇನೆ. ಧಾರವಾಡದಲ್ಲಿ ನಾನು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವಳು. ಎಂ.ಎಸ್ಸಿ.ಯಲ್ಲಿ ಚಿನ್ನದ ಪದಕ. ಲಂಡನ್ನಿಗೆ ಬಂದ ಮೇಲೆ ಡಾಕ್ಟರ ಹೆಂಡತಿ, ಆಮೇಲೆ ಆಫೀಸಿನಲ್ಲಿ ಬಿಲ್ಲು ನೋಡುವವಳು. ಕನ್ನಡದವರ ಹಬ್ಬದ ಊಟಗಳಲ್ಲಿ ಯಾವ ಆಸ್ಪತ್ರೆ, ಯಾವ ಏರಿಯಾ, ಮಕ್ಕಳಿಗೆ ಯಾವ ಶಾಲೆ ಎಂದು ಎಲ್ಲರೂ ಕೇಳಿದರು. ನೀವು ಮೊದಲು ಏನು ಮಾಡುತ್ತಿದ್ದಿರಿ ಎಂದು ಒಬ್ಬರೂ ಕೇಳಲಿಲ್ಲ. ಮೇಡಂ ಕೂಡ ಕೇಳಲಿಲ್ಲ, ಅದು ಬೇರೆ ಮಾತು. ಗೆದ್ದವರ ಗೆಲುವು ಗೊತ್ತಿರುವವರು ಒಬ್ಬರಾದರೂ ಇರಬೇಕು ಎಂದು ನನಗೆ ಹಟ. ಮೇಡಂ ಪಾಲಿಗೆ ಇಡೀ ಪ್ರಪಂಚದಲ್ಲಿ ಆ ಒಬ್ಬಳು ನಾನು.

ಒಂದು ಗುರುವಾರ ಅಂಪೈರ್ ಬಗ್ಗಿದವರು ಬೇಗ ಏಳಲಿಲ್ಲ. ಮೇಡಂ ಅಲ್ಲಿಗೆ ಬಂದು ತಡವರಿಸಿದರು. ಮಳೆಯಿಂದ ಗುರುತು ಅಳಿಸಿ ಹೋಗಿತ್ತು ಎಂದರು. ಇದು ಹೊಸ ಮಾತು. ಆಮೇಲೆ ಒಳಗೆ ಎಂದೇ ಹೇಳಿದರು, ಸಿಳ್ಳೆಯೂ ಕೂಗಿತು. ಮುಪ್ಪಿನ ಮರೆವು ಎಂದುಕೊಂಡು ಬಂದೆ. ಕೆಲವು ವಾರ ಸರಿಯಾಗಿತ್ತು, ಮತ್ತೆ ಕೆಲವು ವಾರ ಸರಿಯಿರಲಿಲ್ಲ. ಅಷ್ಟರಲ್ಲಿ ಅವರು ಒಲೆಯ ಮೇಲೆ ಪಾತ್ರೆ ಇಟ್ಟು ಮರೆಯುವುದು, ಹಗಲಿನಲ್ಲಿ ನೈಟ್‌ಗೌನ್ ತೊಟ್ಟು ಬೀದಿಯಲ್ಲಿ ನಿಲ್ಲುವುದು ಶುರುವಾಗಿತ್ತು. ಜಿ.ಪಿ. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಾಯಿಲೆಯ ಹೆಸರು ಹೇಳಿದರು, ಔಷಧ ಹೇಳಲಿಲ್ಲ, ಯಾಕೆಂದರೆ ಇರಲಿಲ್ಲ.

ಆಮೇಲೆ ಒಂದು ಸಲ ಮೇಡಂ ಅಂಪೈರನ್ನು ಕುರ್ಚಿಯಿಂದ ಇಳಿಸಿ, ಗುರುತಿನ ತನಕ ನಡೆಸಿ, ಬಗ್ಗಿಸಿ, "ಹೊರಗೆ ಎಂದುಬಿಟ್ಟರು," ಎಂದರು.

ನಾನು ಹೂಂ ಎನ್ನಲಿಲ್ಲ.

ಬೇಕೆಂದೇ ಎನ್ನಲಿಲ್ಲ. ಅವರು ನನ್ನ ಬಾಯಿಯನ್ನು ನೋಡಿದರು. "ಒಳಗೆ, ಮೇಡಂ. ಚೆಂಡು ಒಳಗೆ ಬಿದ್ದಿತ್ತು. ನೀವೇ ಹೇಳಿದ್ದೀರಿ," ಎಂದೆ. ಅವರು ಮತ್ತೆ ಮೊದಲಿಂದ ಆ ಚೆಂಡನ್ನು ಎತ್ತಿದರು. ಮತ್ತೆ ಅಂಪೈರ್ ಬಗ್ಗಿದರು. ಮತ್ತೆ ಮೇಡಂ ನನ್ನನ್ನು ನೋಡಿದರು. ಮುಂದೆ ಹೋಗಲು ನನ್ನ ಹೂಂ ಬೇಕು, ಹಿಂದೆ ಹೋಗಲು ದಾರಿ ಗೊತ್ತಿಲ್ಲ. ಅವರ ಕೈ ಟೇಬಲ್ಲಿನ ಮೇಲೆ ಏನನ್ನೋ ಹುಡುಕತೊಡಗಿತು. ಯಾರು ಬಗ್ಗಿದ್ದಾರೆ, ಯಾಕೆ ಬಗ್ಗಿದ್ದಾರೆ, ಅವರನ್ನು ಏಳಲು ಹೇಳು ಎಂದು ಅಳತೊಡಗಿದರು. ತೊಂಬತ್ತು ದಾಟಿದವರು ಅಳುವುದನ್ನು ನೋಡಬಾರದು.

ನಾನು ಹೂಂ ಎಂದೆ. ಅವರ ಅಳು ಆ ಕ್ಷಣಕ್ಕೆ ನಿಂತಿತು. ಹೊರಗೆ ಎಂದ ಮೇಲೆ ಎದುರಾಳಿ ಹೇಗೆ ಸರಿಗಟ್ಟಿದಳು, ಹೇಗೆ ತಮ್ಮ ಬೂಟು ಜಾರಿತು, ಹೇಗೆ ಆಟ ಕೈತಪ್ಪಿತು ಎಂದು ಸರಾಗವಾಗಿ ಹೇಳಿಕೊಂಡು ಹೋದರು. ಮಾತು ಮಾತಿಗೂ ನಾನು ಹೂಂ ಎಂದೆ. ಫ್ರಾನ್ಸಿನ ಚಾಂಪಿಯನ್ ನನ್ನ ಕಣ್ಣೆದುರೇ ಸೋತರು.

ಮನೆಗೆ ಬಂದು ಗಂಡನ ಮೇಲೆ ಹರಿಹಾಯ್ದೆ. ಅವರು ಆಸ್ಪತ್ರೆಯಲ್ಲಿ ಮುದುಕರ ವಾರ್ಡಿನ ಡಾಕ್ಟರು, ಇಂಥದನ್ನು ದಿನಾ ನೋಡುವವರು. ಕೋಟು ಬಿಚ್ಚುತ್ತ ಕೇಳಿಸಿಕೊಂಡರು.

"ತಿದ್ದಲಿಕ್ಕೆ ಹೋಗಬ್ಯಾಡ," ಎಂದರು. "ತಿದ್ದಿದ್ರ ಅವರಿಗೆ ನೆನಪಾಗೂದಿಲ್ಲ, ಬರೇ ಅಂಜಿಕಿ ಬರ್ತದ. ಹೌದು ಹೌದು ಅಂತ ಹೋಗೂದು."

"ಅಂದ್ರ ಗೆದ್ದವ್ರನ್ನ ನಾನ ಕೂತು ಸೋಲಸಬೇಕೇನ್ರಿ? ನಾನೇನು ಕೋಲೆಬಸವನೇನು, ಕಂಡಿದ್ದಕ್ಕೆಲ್ಲಾ ತಲಿ ಅಲ್ಲಾಡಸ್ಲಿಕ್ಕೆ?"

"ನೀ ಎಲ್ಲಿ ಸೋಲಸ್ತಿ? ಅದು ತಂತಾನ ನಡದದ. ನೀ ಹೂಂ ಅಂದ್ರೂ ನಡೀತದ, ಅನ್ನದಿದ್ರೂ ನಡೀತದ. ಊಟಕ್ಕ ಏನದ?"

ಅವರು ಹೇಳಿದ್ದು ಸರಿ ಎಂದು ಗೊತ್ತಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಆ ರಾತ್ರಿ ಮೊಸರನ್ನಕ್ಕೆ ಉಪ್ಪಿನಕಾಯಿ ಕೊಡಲಿಲ್ಲ.

ಶನಿವಾರ ಮಗಳು ಬಂದಾಗ ಅವಳ ಫೋನಿನಲ್ಲಿ ಆ ಪಂದ್ಯವನ್ನು ಹುಡುಕಿಸಿದೆ. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಬಹಳ ಹೊತ್ತು ಬೆರಳಾಡಿಸಿ, "ಅಮ್ಮಾ, ಇಟ್ಸ್ ಜಸ್ಟ್ ಒನ್ ಲೈನ್," ಎಂದಳು. ಒಂದೇ ಸಾಲು ಇತ್ತು. ವರ್ಷ, ಗೆದ್ದವರ ಹೆಸರು, ಸೋತವರ ಹೆಸರು, ಸ್ಕೋರು. ಗೆದ್ದವರ ಜಾಗದಲ್ಲಿ ಮದುವೆಗೆ ಮುಂಚಿನ ಮೇಡಂ ಹೆಸರು. ಮೂರನೆಯ ಸೆಟ್ ಅವರು ಹೇಳಿದಷ್ಟೇ ಉದ್ದ. ನನ್ನ ಕಣ್ಣಲ್ಲಿ ನೀರು ಬಂತು. ಅವರಿಗಿಂತ ನೀನೇ ಹೆಚ್ಚು ಒದ್ದಾಡುತ್ತಿದ್ದೀಯಲ್ಲ ಎಂದು ಮಗಳು ಇಂಗ್ಲಿಷಿನಲ್ಲಿ ಬೈದಳು. ಆ ಸಾಲನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿಕೊಂಡೆ.

ಅಷ್ಟು ಹೊತ್ತಿಗೆ ಮೇಡಂ ಮನೆ ಖಾಲಿಯಾಗುವುದರಲ್ಲಿತ್ತು. ಗಂಡನ ಕಡೆಯ ದೂರದ ಸಂಬಂಧಿಯೊಬ್ಬರು ಬಂದು, ಅಕ್ಸ್‌ಬ್ರಿಡ್ಜ್ ದಾರಿಯಲ್ಲಿರುವ ಒಂದು ಕೇರ್ ಹೋಮಿನಲ್ಲಿ ಅವರಿಗೆ ಕೋಣೆ ಗೊತ್ತು ಮಾಡಿದರು. ಸಾಮಾನು ಒಯ್ಯಲು ವ್ಯಾನು ಬಂದ ದಿನ ನಾನು ಬೇಲಿಯ ಹತ್ತಿರ ನಿಂತು ಬೆಳ್ಳಿ ತಟ್ಟೆ ಎಲ್ಲಿ ಎಂದು ಕೇಳಿದೆ. ಹಳೆಯ ಪಾತ್ರೆಗಳ ಜೊತೆ, ದಾನ ಬಂದ ಸಾಮಾನು ಮಾರುವ ಚಾರಿಟಿ ಅಂಗಡಿಗೆ ಹೋಯಿತು ಎಂದರು ಆ ಸಂಬಂಧಿ. ನಾನು ಪಿನ್ನರ್‌ನ ಚಾರಿಟಿ ಅಂಗಡಿಗಳನ್ನೆಲ್ಲ ಸುತ್ತಿದೆ. ಅಕ್ಷರವಿಲ್ಲದ ತಟ್ಟೆಯನ್ನು ಯಾರಾದರೂ ಹಣ್ಣು ಇಡಲು ಕೊಂಡಿರುತ್ತಾರೆ. ಒಳ್ಳೆಯ ತಟ್ಟೆ ಅದು.

ಕೇರ್ ಹೋಮಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕೋಣೆ ಸ್ವಚ್ಛವಾಗಿತ್ತು, ನೋಡಿಕೊಳ್ಳುವ ಹುಡುಗಿಯರು ಒಳ್ಳೆಯವರು. ಚಟ್ನಿಪುಡಿ ಗಂಟಲಿಗೆ ಸಿಕ್ಕೀತು, ಬೇಡ ಎಂದರು. ಪ್ರಿಂಟ್ ಮಾಡಿಸಿದ ಹಾಳೆಯನ್ನು ಮೇಡಂ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಗೆದ್ದವರ ಹೆಸರಿನ ಮೇಲೆ ಬೆರಳಿಟ್ಟು, "ಇವಳನ್ನು ನಾನು ಬಲ್ಲೆ ಅನ್ನಿಸುತ್ತದೆ," ಎಂದರು. ಬೆರಳನ್ನು ಪಕ್ಕಕ್ಕೆ ಸರಿಸಿ, ಸೋತವರ ಹೆಸರಿನ ಮೇಲೆ ತಂದು, "ಇದು ನಾನು," ಎಂದರು. ಅರವತ್ತೆಪ್ಪತ್ತು ವರ್ಷ ಇಂಗ್ಲಿಷ್ ಗಂಡನ ಹೆಸರಿನಲ್ಲಿ ಬದುಕಿದವರಿಗೆ ಹುಟ್ಟಿದ ಮನೆಯ ಹೆಸರು ಬೇರೆಯವರದಾಗಿತ್ತು. ಪುರಾವೆ ಇತ್ತು, ಅದನ್ನು ಯಾರಿಗೆ ಕೊಡಬೇಕೋ ಅವರೇ ಇರಲಿಲ್ಲ. ಹಾಳೆಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡೆ.

ಆಮೇಲಿನ ತಿಂಗಳುಗಳಲ್ಲಿ ಪಂದ್ಯ ಕುಗ್ಗುತ್ತ ಬಂತು. ಮಳೆ ಹೋಯಿತು, ಬೂಟು ಹೋದವು, ಸೆಟ್‌ಗಳು ಹೋದವು. ಉಳಿದದ್ದು ಆಕಾಶಕ್ಕೆ ಎತ್ತಿದ ಒಂದು ಚೆಂಡು, ಬಗ್ಗಿದ ಒಬ್ಬ ಮನುಷ್ಯ, ಹೊರಗೆ ಎಂಬ ಮಾತು. ನಾನು ಹೂಂ ಎನ್ನುತ್ತಿದ್ದೆ. ರೈಲಿನ ಸಿಳ್ಳೆ ಕತೆಯಿಂದ ಯಾವಾಗ ಬಿದ್ದುಹೋಯಿತೆಂದು ನನಗೂ ತಿಳಿಯಲಿಲ್ಲ. ಗಂಡ, ಮಗಳು ಇಬ್ಬರೂ ಇನ್ನು ಹೋಗಬೇಡ ಎಂದರು. ಹೋಗಿ ಮಾಡುವುದಾದರೂ ಏನು ಎಂದು ನನಗೂ ಅನ್ನಿಸುತ್ತಿತ್ತು. ಗುರುವಾರ ಬಂದರೆ ಕಾಲು ತಾನೇ ಬಸ್ ಸ್ಟಾಪಿನ ಕಡೆ ಹೋಗುತ್ತಿತ್ತು.

ಈ ವರ್ಷ ಚಳಿ ಮುಗಿಯುವ ಹೊತ್ತಿಗೆ ಒಂದು ಗುರುವಾರ ಹೋದಾಗ ಅವರು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ನಾನು ಎದುರಿಗೆ ಕೂತೆ. ಬಹಳ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಕಷ್ಟಪಟ್ಟು ಎದ್ದು ನಿಂತು ಕೈ ಮುಂದೆ ಚಾಚಿದರು. ಬೀಳುತ್ತಾರೆಂದು ನಾನೂ ಎದ್ದು ಆ ಕೈ ಹಿಡಿದೆ. ಅವರು ಅದನ್ನು ಗಟ್ಟಿಯಾಗಿ ಕುಲುಕಿದರು.

"ಚೆನ್ನಾಗಿ ಆಡಿದೆ," ಎಂದರು. "ನನಗೆ ಬೇಸರವಿಲ್ಲ. ನೀನು ನನಗಿಂತ ಚೆನ್ನಾಗಿ ಆಡಿದೆ."

ನಾನು ಎತ್ತರದವಳೂ ಅಲ್ಲ, ನನ್ನ ಅಪ್ಪನ ಅಂಗಳದಲ್ಲಿ ಟೆನಿಸ್ ಅಂಕಣವೂ ಇರಲಿಲ್ಲ. ಅಲ್ಲ ಮೇಡಂ ಎನ್ನಲು ಬಾಯಿ ತೆರೆದವಳು ಆ ಬಗ್ಗಿದ ಅಂಪೈರ್ ನೆನಪಾಗಿ ಸುಮ್ಮನಾದೆ. ಅವರನ್ನು ಮೆಲ್ಲಗೆ ಕೂರಿಸಿದೆ. ಅವರು ನನ್ನ ಕೈ ಬಿಡಲಿಲ್ಲ.

"ಹೇಳು. ಗೆದ್ದಾಗ ಹೇಗನಿಸಿತು?"

ಈ ಊರಿಗೆ ಬಂದ ಮೇಲೆ ನನ್ನನ್ನು ಇಂಥ ಪ್ರಶ್ನೆ ಕೇಳಿದವರು ಅವರೊಬ್ಬರೇ. ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ, ಅದೂ ಅವರದೇ.

"ಹಸಿವಾಯಿತು ಮೇಡಂ," ಎಂದೆ. "ಬೆಳಗಿನಿಂದ ಒಂದು ಮೊಟ್ಟೆ ತಿಂದಿದ್ದೆ."

"ಹೂಂ," ಎಂದರು ಅವರು.

ಗಂಡನ ಮುಖ, ಮನೆಯ ದಾರಿ, ತಮ್ಮದೇ ಹೆಸರು ಮರೆತವರಿಗೆ ಅದೊಂದು ಉಳಿದಿತ್ತು. ಅವರು ನನ್ನ ಬಾಯಿಯನ್ನು ನೋಡುತ್ತ ಕಾದರು.

"ಬೂಟು ಒದ್ದೆಯಾಗಿದ್ದವು."

"ಹೂಂ."

"ಅಪ್ಪ ಬಂದಿರಲಿಲ್ಲ. ಕೆಲಸ ಇತ್ತು. ರಾತ್ರಿಯ ರೈಲಿನಲ್ಲಿ ಊರಿಗೆ ಹೋದೆ."

"ಹೂಂ."

"ಅಪ್ಪ ಪ್ಲಾಟ್‌ಫಾರಂ ಮೇಲೆ ಬಾವುಟ ಹಿಡಿದು ನಿಂತಿದ್ದರು. ಏನೂ ಮಾತಾಡಲಿಲ್ಲ. ಆದರೆ ಡ್ರೈವರಿಗೆ ಹೇಳಿಟ್ಟಿದ್ದರು. ಆತ ಇಂಜಿನ್ನಿನ ಸಿಳ್ಳೆ ಊದಿದ. ಊರೆಲ್ಲ ಎದ್ದಿತು. ಊದುತ್ತಲೇ ಹೋದ."

ಈ ಸಲ ಹೂಂ ಬರಲಿಲ್ಲ. ಈಗಲಾದರೂ ನೆನಪು ಬಂದೀತು ಎಂದು ನಾನು ಅವರ ತುಟಿಯನ್ನೇ ನೋಡಿದೆ. ಸುಳ್ಳು ಹೇಳುವುದಿಲ್ಲ, ಆ ಒಂದು ಗಳಿಗೆ ನನಗೆ ಆಸೆ ಇತ್ತು. ಅವರು ಕಿಟಕಿಯ ಹೊರಗೆ ಕಾರುಗಳು ನಿಲ್ಲುವ ಕಡೆ ನೋಡುತ್ತಿದ್ದರು.

"ನನ್ನ ಅಪ್ಪನೂ ರೈಲಿನಲ್ಲಿ ಕೆಲಸ ಮಾಡುತ್ತಿದ್ದರು," ಎಂದರು. "ನಾನು ಸೋತು ಬಂದೆನಲ್ಲ, ಅದಕ್ಕೆ ಯಾರೂ ಊದಲಿಲ್ಲ."

ನಾನು ಹೂಂ ಎಂದೆ.